ಮಾತ್ರೆ ಚೀಟಿ ಜೇಬಲ್ಲೇ ಉಳಿಯೋದು ಅಸಡ್ಡೆಯಿಂದಲ್ಲ

ಈ ವಾರ ತೋಟದ ವಿಷಯ ಪಕ್ಕಕ್ಕಿಟ್ಟು ಮಾತ್ರೆ ವಿಷಯ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

"ಹಳ್ಳಿ ಜನಕ್ಕೆ ಅಸಡ್ಡೆ ಜಾಸ್ತಿ. ಬರೆದುಕೊಟ್ಟ ಮಾತ್ರೇನೇ ತಗೊಳ್ಳಲ್ಲ. ಆಮೇಲೆ ಎದೆನೋವು ಅಂತ ಓಡಿ ಬರ್ತಾರೆ." ಈ ಮಾತನ್ನು ಆರೋಗ್ಯ ಶಿಬಿರದ ಮೈಕಿನಲ್ಲಿ ಕೇಳಿದ್ದೀನಿ, ಟಿವೀಲಿ ಕೇಳಿದ್ದೀನಿ, ಬೆಂಗಳೂರಿಂದ ಹಬ್ಬಕ್ಕೆ ಬಂದ ನಮ್ಮ ಮಕ್ಕಳ ಬಾಯಲ್ಲೂ ಕೇಳಿದ್ದೀನಿ. ಕೇಳಿ ಕೇಳಿ ನಾವೂ ಅದನ್ನೇ ನಂಬಿಬಿಟ್ಟಿದ್ದೀವಿ. ನನಗೆ ಈ ಮಾತಿನ ಮೇಲೆ ತಕರಾರಿದೆ. ಒಂದು ತೆಂಗಿನ ಮರದ ಸುಳಿ ಒಣಗಿದ್ರೆ ರಾತ್ರಿ ನಿದ್ದೆ ಬಿಡೋ ಜನ ನಾವು. ಹಸು ಮೇವು ಬಿಟ್ರೆ ಅರ್ಧ ಗಂಟೇಲಿ ಡಾಕ್ಟ್ರಿಗೆ ಫೋನ್ ಮಾಡ್ತೀವಿ. ಅಂಥವರು ಸ್ವಂತ ದೇಹದ ವಿಷಯದಲ್ಲಿ ಮಾತ್ರ ಅಸಡ್ಡೆ ಆಗೋದು ಹೇಗೆ?

2025ರ ಜೂನ್, ಜುಲೈ ನೆನಪು ಮಾಡಿಕೊಳ್ಳಿ. ಹಾಸನ ಜಿಲ್ಲೆ ಅಂದ್ರೆ ಹೃದಯಾಘಾತ ಅನ್ನೋ ಹಾಗೆ ಟಿವಿಗಳು ದಿನಾ ಎಣಿಕೆ ಹಾಕಿ ಕೂಗಿದ್ವು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತ್ರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಹಿಂದಿನ ದಿನಗಳಿಗಿಂತ ವಿಪರೀತ ಏರಿಕೆ ಏನೂ ಆಗಿಲ್ಲ ಅಂತ ಹೇಳಿತು. ಬಿಪಿ, ಶುಗರ್, ಬೀಡಿ ಸಿಗರೇಟು, ಕುಡಿತ, ಬೊಜ್ಜು, ಇದೇ ಹಳೇ ಕಾರಣಗಳನ್ನು ತೋರಿಸಿತು. ಟಿವಿಯವರು ಮುಂದಿನ ಸುದ್ದಿಗೆ ಹೋದ್ರು.

ನಮ್ಮೂರಿಂದಲೂ ಬಾಡಿಗೆ ಕಾರು ಮಾಡಿಕೊಂಡು ಮೈಸೂರಿಗೆ ಹೋದವರಿದ್ದಾರೆ. "ಇಸಿಜಿ ಚೆನ್ನಾಗೈತಂತೆ" ಅಂತ ನಗ್ತಾ ವಾಪಸ್ ಬಂದ್ರು. ಕೈಲಿ ಬಿಪಿಗೆ, ಕೊಬ್ಬಿಗೆ ಅಂತ ಒಂದೊಂದು ಚೀಟಿ ಇತ್ತು. ಎಷ್ಟು ಜನ ಆ ಮಾತ್ರೆ ಇನ್ನೂ ತಗೊಳ್ತಿದ್ದಾರೆ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಬಹಳಷ್ಟು ಜನ ಮೊದಲ ತಿಂಗಳದ್ದು ಮುಗಿದ ಮೇಲೆ ಮತ್ತೆ ಅಂಗಡಿಗೆ ಹೋಗಿಲ್ಲ. ಇಬ್ಬರು ಮೊದಲ ದಿನವೇ ತಗೊಂಡಿಲ್ಲ, ಚೀಟಿ ಪಡಿತರ ಚೀಟಿ ಜೊತೆ ಕವರ್‌ನಲ್ಲಿ ಭದ್ರವಾಗಿದೆ. ಹೆದರಿಕೆ ಇತ್ತು, ಅರಿವೂ ಇತ್ತು, ಕಾರು ಬಾಡಿಗೆಗೆ ದುಡ್ಡೂ ಇತ್ತು. ಆದ್ರೂ ಮಾತ್ರೆ ಬರಲಿಲ್ಲ. ಹಾಗಾದ್ರೆ "ಅರಿವಿಲ್ಲ" ಅನ್ನೋ ಉತ್ತರ ಇಲ್ಲಿಗೆ ಹೊಂದಲ್ಲ.

ಇದು ನಮ್ಮ ಅರಸೀಕೆರೆ ತಾಲ್ಲೂಕಿನ ಶಾಪ ಅಂತಲೂ ಅಂದುಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಒಂದು ವರದಿ ಕೊಟ್ಟಿದೆ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರೋರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೊಳ್ತಾರಂತೆ, ಬಡ ದೇಶಗಳಲ್ಲಿ ಅದಕ್ಕಿಂತ ಕಮ್ಮಿ. ಅಲ್ಲಿನ ಅರ್ಧ ಜನವೂ ಹಳ್ಳಿಯ ದಡ್ಡರಾ?

ಕಾರಣ ಒಂದೊಂದಾಗಿ ನೋಡೋಣ.

ಮೊದಲನೇದು ದುಡ್ಡು. ದುಡ್ಡು ಇಲ್ಲ ಅನ್ನೋದಕ್ಕಿಂತ ದುಡ್ಡು ಬರೋ ಕಾಲ ಬೇರೆ ಅನ್ನೋದು ಸರಿ. ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದ್ರೆ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿಸಬೇಕು, ಒಡೆಸಬೇಕು, ತಿಪಟೂರಿಗೋ ಅರಸೀಕೆರೆಗೋ ಹಾಕಬೇಕು. ರಾಗಿ ದುಡ್ಡು ವರ್ಷಕ್ಕೊಂದು ಸಲ. ಮಾತ್ರೆ ಮಾತ್ರ ಪ್ರತಿ ತಿಂಗಳೂ ದುಡ್ಡು ಕೇಳುತ್ತೆ, ಅದೂ ನಗದು. ಗೊಬ್ಬರದ ಅಂಗಡೀಲಿ ಬರೆಸಿ ತರ್ತೀವಿ, ಕೊಬ್ಬರಿ ಮಾರಿದ ಮೇಲೆ ಕೊಡ್ತೀವಿ. ದಿನಸಿ ಅಂಗಡೀಲೂ ಲೆಕ್ಕ ಇದೆ. ಪೇಟೆ ಮೆಡಿಕಲ್ ಸ್ಟೋರಲ್ಲಿ ನಮಗೆ ಲೆಕ್ಕದ ಪುಸ್ತಕ ಇಲ್ಲ. ಸಾವಿರ ರೂಪಾಯಿಯ ಕಳೆನಾಶಕ ಸಾಲಕ್ಕೆ ಸಿಗುತ್ತೆ, ಮುನ್ನೂರು ರೂಪಾಯಿ ಮಾತ್ರೆ ಸಿಗಲ್ಲ. ಇದರಲ್ಲಿ ಅಸಡ್ಡೆ ಎಲ್ಲಿಂದ ಬಂತು?

"ಈಗ ಕೊಬ್ಬರಿ ರೇಟು ಏರಿತಲ್ಲ" ಅಂತೀರಿ. ಏರಿತು, 2025ರಲ್ಲಿ ಕ್ವಿಂಟಾಲಿಗೆ 20 ಸಾವಿರ ದಾಟಿತು. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 12,100 ರೂಪಾಯಿ. ಆದ್ರೆ ಮಳೆ ಕೈಕೊಟ್ಟು, ಹುಳ ನುಸಿ ಬಿದ್ದು, ಅಟ್ಟದಲ್ಲಿ ಎಷ್ಟಿತ್ತು ಅನ್ನೋದು ನಿಮಗೇ ಗೊತ್ತು. ಇದ್ದವರಿಗೂ ಬಂದ ದುಡ್ಡು ಒಂದೇ ಗಂಟಾಗಿ ಬಂತು. ಸೊಸೈಟಿ ಸಾಲ, ಬೋರ್‌ವೆಲ್, ಮಗಳ ಮದುವೆ, ಎಲ್ಲಾ ಆ ಗಂಟಿನ ಮುಂದೆ ಕೈಯೊಡ್ಡಿ ನಿಂತಿದ್ವು. ಆ ಸಾಲಿನಲ್ಲಿ ಬಿಪಿ ಮಾತ್ರೆ ಕೊನೇದು, ಯಾಕಂದ್ರೆ ಅದು ಕೂಗಲ್ಲ. ಬಿಪಿ ನೋಯಲ್ಲ. ಹಲ್ಲು ನೋವಿನ ಹಾಗೆ ನಿದ್ದೆ ಕೆಡಿಸಿದ್ದಿದ್ರೆ ಎಲ್ಲರೂ ಮಾತ್ರೆ ತರ್ತಿದ್ರು.

ಇದರೊಳಗೇ ಇನ್ನೊಂದಿದೆ, ಗಂಡಸರಿಗೆ ಕೇಳೋಕೆ ಕಷ್ಟ ಆಗಬಹುದು. ಮನೇಲಿ ಎರಡು ಚೀಟಿ ಇದ್ರೆ ಯಜಮಾನನ ಚೀಟಿ ಮೊದಲು ಅಂಗಡಿಗೆ ಹೋಗುತ್ತೆ. ಯಜಮಾನ್ತಿಯ ಚೀಟಿ "ಮುಂದಿನ ವಾರ ನೋಡೋಣ". ಎಷ್ಟೋ ಮನೆಗಳಲ್ಲಿ ಹೆಂಗಸರ ಮಾತ್ರೆ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಬರ್ತಿದೆ. ಆ ಕಂತು ತಡವಾದ್ರೆ ಮಾತ್ರೆಯೂ ತಡ. ಟಿಕೆಟ್ ಇಲ್ಲದ ಬಸ್ಸಲ್ಲಿ ಪೇಟೆಗೆ ಹೋಗಿ ಗಂಡನ ಮಾತ್ರೆ ತರೋಳೂ ಅವಳೇ, ತನ್ನದನ್ನ ಬಿಟ್ಟು ಬರೋಳೂ ಅವಳೇ.

ಎರಡನೇದು ಚೀಟಿ. ಇದಕ್ಕೆ ನಮ್ಮ ಭಾಷೇಲೇ ಒಂದು ಉದಾಹರಣೆ ಕೊಡ್ತೀನಿ. ಹತ್ತಿಪ್ಪತ್ತು ವರ್ಷದ ಹಿಂದೆ ಗೊಬ್ಬರದ ಅಂಗಡಿಯವನು ಯಾವ ಡಬ್ಬ ಕೊಟ್ರೆ ಅದನ್ನೇ ಹೊಡೀತಿದ್ವಿ. ಈಗ? "ಇದರ ಟೆಕ್ನಿಕಲ್ ಏನು?" ಅಂತ ಕೇಳ್ತೀವಿ. ಡಬ್ಬ ತಿರುಗಿಸಿ ಸಣ್ಣಕ್ಷರ ಓದ್ತೀವಿ. ಇಮಿಡಾಕ್ಲೋಪ್ರಿಡ್ ಅಂತಿದ್ರೆ ಯಾವ ಕಂಪನಿಯದಾದ್ರೂ ಒಳಗಿರೋದು ಅದೇ ಅಂತ ಗೊತ್ತು. ಒಂದು ಕಂಪನಿಯದು ದುಬಾರಿ ಆದ್ರೆ ಇನ್ನೊಂದನ್ನ ಹಿಡೀತೀವಿ. ಮಾತ್ರೆಗೂ ಹೀಗೇ ಟೆಕ್ನಿಕಲ್ ಹೆಸರಿದೆ. ಬಿಪಿಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್. ಶುಗರ್‌ಗೆ ಮೆಟ್‌ಫಾರ್ಮಿನ್. ಕೊಬ್ಬಿಗೆ ಅಟೋರ್ವಾಸ್ಟಾಟಿನ್. ನೂರಾರು ಕಂಪನಿಗಳು ನೂರಾರು ಹೆಸರಿಟ್ಟು ಇದನ್ನೇ ಮಾರ್ತಾವೆ. ಜನೌಷಧಿ ಅಂಗಡೀಲಿ ಆಮ್ಲೋಡಿಪಿನ್ ಹತ್ತು ಮಾತ್ರೆ ಶೀಟು ಹತ್ತು ರೂಪಾಯಿ ಒಳಗೇ ಸಿಗುತ್ತೆ.

ಆದ್ರೆ ಚೀಟೀಲಿ ಬರೆಯೋದು ಕಂಪನಿ ಹೆಸರು, ಅದೂ ಕೋಳಿ ಕೆದರಿದ ಹಾಗೆ. ಓದೋಕೆ ಬರೋದು ಆಸ್ಪತ್ರೆ ಪಕ್ಕದ ಒಂದೇ ಅಂಗಡಿಯವನಿಗೆ. ಅರಸೀಕೆರೆ ಪೇಟೆ ಎಲ್ಲಾ ಸುತ್ತಿದ್ರೂ "ಆ ಹೆಸರಿಂದು ನಮ್ಮಲ್ಲಿಲ್ಲ" ಅಂತಾರೆ. ಒಂದು ಖಾಸಗಿ ಆಸ್ಪತ್ರೇಲಿ ನಾನೇ ನಿಂತು ಕೇಳಿದ್ದೀನಿ, "ಸಾರ್, ಟೆಕ್ನಿಕಲ್ ಹೆಸರು ಬರೆದುಕೊಡಿ" ಅಂತ. "ಇದು ಹೊಲಕ್ಕೆ ಹೊಡಿಯೋ ಔಷಧಿ ಅಲ್ಲ ಯಜಮಾನ್ರೆ" ಅಂದ್ರು. ಪಕ್ಕದಲ್ಲಿದ್ದವರು ನಕ್ಕರು. ನಗಲಿ. ಕಾನೂನು ನನ್ನ ಕಡೆಗಿದೆ. ದೇಶದ ವೈದ್ಯರ ನಡವಳಿಕೆ ನಿಯಮಾವಳಿ 2002ರಿಂದಲೇ ಔಷಧಿಯ ಮೂಲ ಹೆಸರು ಬರೀರಿ ಅಂತ ಹೇಳ್ತಾ ಬಂದಿದೆ. 2016ರಲ್ಲಿ ತಿದ್ದುಪಡಿ ಮಾಡಿ, ಓದೋಕೆ ಬರೋ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೀರಿ ಅಂತ ಸೇರಿಸಿದ್ರು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿ ನಿಯಮ ತಂದಿತು. ವೈದ್ಯರ ಸಂಘದವರು ವಿರೋಧ ಮಾಡಿದ್ರು, ಅದೇ ತಿಂಗಳಲ್ಲಿ ಆಯೋಗ ಅದನ್ನ ತಡೆಹಿಡೀತು. ಎಲ್ಲಾ ಅಗ್ಗದ ಮಾತ್ರೆಗಳ ಗುಣಮಟ್ಟಕ್ಕೆ ಖಾತ್ರಿ ಏನು ಅನ್ನೋದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳಲ್ಲ. ಆದ್ರೆ ಗುಣಮಟ್ಟ ಪರೀಕ್ಷೆ ಮಾಡಿಸೋ ಕೆಲಸ ಸರ್ಕಾರದ್ದು, ದುಬಾರಿ ಬಿಲ್ ಕಟ್ಟೋ ಶಿಕ್ಷೆ ಮಾತ್ರ ನಮಗೆ ಯಾಕೆ?

ಮೂರನೇದು, ಎಲ್ಲಕ್ಕಿಂತ ಅಪಾಯದ್ದು: ಅರ್ಧ ಚೀಟಿ. ಚೀಟೀಲಿ ಆರು ಬಗೆ ಇರುತ್ತೆ. ಬಿಪಿಗೊಂದು, ಶುಗರ್‌ಗೊಂದು, ಕೊಬ್ಬಿಗೊಂದು, ರಕ್ತ ತೆಳುವಾಗೋಕೆ ಒಂದು, ಗ್ಯಾಸ್‌ಗೊಂದು, ಶಕ್ತಿಗೊಂದು. ಅಂಗಡಿಯವನು ಒಟ್ಟು ಹೇಳಿದ ತಕ್ಷಣ ಜೇಬು ಮುಟ್ಟಿ ನೋಡ್ಕೋತೀವಿ. "ಅರ್ಧ ಕೊಡಿ" ಅಂತೀವಿ. ಯಾವ ಅರ್ಧ? ಅದನ್ನ ಯಾರೂ ಹೇಳಿರಲ್ಲ. ಡಾಕ್ಟ್ರು ಹೇಳಿಲ್ಲ, ಅಂಗಡಿಯವನಿಗೆ ಹೇಳೋ ಅಧಿಕಾರ ಇಲ್ಲ. ಆಗ ನಾವು ಸಂತೇಲಿ ಅಳೆಯೋ ಹಾಗೆ ಅಳೀತೀವಿ: ದುಬಾರಿ ಆದದ್ದು ಒಳ್ಳೇದು, ಅಗ್ಗದ್ದು ಬಿಟ್ರೂ ನಡೆಯುತ್ತೆ. ಮಾತ್ರೆ ವಿಷಯದಲ್ಲಿ ಈ ಅಳತೆ ಎಷ್ಟೋ ಸಲ ತಲೆಕೆಳಗು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಕೊಡೋ ಆಸ್ಪಿರಿನ್ ಚೀಟೀಲೇ ಅತಿ ಅಗ್ಗದ್ದು, ಕೆಲವು ರೂಪಾಯಿ. ರಕ್ತ ತೆಳುವಾಗಿಸೋ ಮಾತ್ರೆಗಳನ್ನ ತಮ್ಮಷ್ಟಕ್ಕೆ ಬಿಟ್ರೆ ಹಾಕಿಸಿದ ಸ್ಟೆಂಟೇ ಕಟ್ಟಿಕೊಂಡು ಪ್ರಾಣಕ್ಕೆ ಬರಬಹುದು. ಅದನ್ನ ಬಿಟ್ಟು ಬಣ್ಣದ ಡಬ್ಬಿಯ ಟಾನಿಕ್ ಹಿಡ್ಕೊಂಡು ಬರೋರನ್ನ ನೋಡಿದ್ದೀನಿ. ತಪ್ಪು ಅವರದ್ದಾ? ಆರು ಸಾಲಿನ ಪಕ್ಕ ಒಂದು ನಕ್ಷತ್ರ ಹಾಕಿ "ಇದನ್ನ ಮಾತ್ರ ಯಾವತ್ತೂ ಬಿಡಬೇಡಿ" ಅಂತ ಹೇಳೋಕೆ ಡಾಕ್ಟ್ರಿಗೆ ಅರ್ಧ ನಿಮಿಷ ಸಾಕಿತ್ತು.

ನಾಲ್ಕನೇದು ಸರ್ಕಾರಿ ಮಾತ್ರೆ. "ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರಲ್ಲ" ಅಂತಾರೆ. ಕೊಡ್ತಾರೆ, ನಿಜ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ ಶುಗರ್ ಮಾತ್ರೆ ಉಚಿತ. ಅದನ್ನ ತಗೊಳ್ಳಿ ಅಂತಲೇ ನಾನೂ ಹೇಳೋದು. ಆದ್ರೆ ಕಣಕಟ್ಟೆ, ಜಾವಗಲ್ ಕಡೆಯ ಹಳ್ಳಿಯವನು ಒಂದು ದಿನದ ಕೂಲಿ ಬಿಟ್ಟು ಪೇಟೆ ಆಸ್ಪತ್ರೆ ಸಾಲಿನಲ್ಲಿ ನಿಂತು, ಹದಿನೈದು ದಿನದ ಮಾತ್ರೆ ಸಿಕ್ರೆ, ಹದಿನಾರನೇ ದಿನ ಮತ್ತೆ ಕೂಲಿ ಬಿಡಬೇಕು. "ಒಂದು ಇದೆ, ಇನ್ನೊಂದು ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಅಂದ್ರೆ ಬಂದದ್ದೂ ದಂಡ. ಪುಕ್ಕಟೆ ಮಾತ್ರೆಯ ಬೆಲೆ ಒಂದು ದಿನದ ಕೂಲಿ, ಇದನ್ನ ಯಾವ ಲೆಕ್ಕದಲ್ಲೂ ಬರೆಯಲ್ಲ.

"ಸರ್ಕಾರಿ ಮಾತ್ರೆ ಕೆಲಸ ಮಾಡಲ್ಲ" ಅನ್ನೋ ಮಾತೂ ಇದೆ. ನಾನು ಅದನ್ನ ಒಪ್ಪಲ್ಲ, ಆದ್ರೆ ಆ ಅನುಮಾನ ಆಕಾಶದಿಂದ ಉದುರಿದ್ದಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೇಲಿ ಬಾಣಂತಿಯರು ತೀರಿಕೊಂಡಾಗ ಸರ್ಕಾರವೇ ಸರಬರಾಜಾಗಿದ್ದ ಡ್ರಿಪ್ ದ್ರಾವಣದ ಮೇಲೆ ಅನುಮಾನಪಟ್ಟು ಬಳಕೆ ನಿಲ್ಲಿಸಿತು. ಆ ಸುದ್ದಿ ಓದಿದ ಜನ ಬಿಳಿ ಕವರ್‌ನಲ್ಲಿ ಹೆಸರಿಲ್ಲದೆ ಕಟ್ಟಿಕೊಟ್ಟ ಮಾತ್ರೆಯನ್ನ ಹೇಗೆ ನಂಬಬೇಕು? ನಂಬಿಕೆ ಭಾಷಣದಿಂದ ಬರಲ್ಲ. ಶೀಟಿನ ಸಮೇತ, ತಾರೀಕು ಕಾಣೋ ಹಾಗೆ ಕೊಟ್ರೆ ಬರುತ್ತೆ.

ಜನೌಷಧಿ ಕಥೆಯನ್ನೂ ನೋಡಿ. ಕೇಂದ್ರದ ಯೋಜನೆ, 2008ರಲ್ಲಿ ಶುರುವಾದದ್ದು. 2025ರ ಮೇನಲ್ಲಿ ರಾಜ್ಯ ಸರ್ಕಾರ, ಆಸ್ಪತ್ರೇಲಿ ನಾವೇ ಉಚಿತವಾಗಿ ಕೊಡೋವಾಗ ಒಳಗೆ ಮಾರೋ ಅಂಗಡಿ ಯಾಕೆ ಅಂತ, ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನ ಮುಚ್ಚಿಸೋಕೆ ಹೊರಟಿತು. ವಿಷಯ ಹೈಕೋರ್ಟಿಗೆ ಹೋಯ್ತು. ಒಬ್ಬರು ಮೋದಿ ಅಂಗಡಿ ಅಂದ್ರು, ಇನ್ನೊಬ್ಬರು ಬಡವರ ವಿರೋಧಿ ಸರ್ಕಾರ ಅಂದ್ರು. ನಮಗೆ ಬೇಕಾದದ್ದು ಎರಡೂ. ಒಳಗೆ ಉಚಿತ ಸಿಕ್ರೆ ಸಂತೋಷ, ಅದು ಖಾಲಿ ಆದ ದಿನ ಪಕ್ಕದಲ್ಲೇ ಹತ್ತು ರೂಪಾಯಿ ಶೀಟು ಸಿಗಬೇಕು. ಇವರಿಬ್ಬರ ಜಗಳದಲ್ಲಿ ನಮ್ಮ ಮಾತ್ರೆ ಯಾಕೆ ನಿಲ್ಲಬೇಕು?

ಐದನೇದು ನನಗೆ ಅತಿ ಹೆಚ್ಚು ಸಿಟ್ಟು ಬರಿಸೋದು. ಆಯುಷ್ಮಾನ್ ಕಾರ್ಡಿದ್ರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಸಹಕಾರಿಗಳಿಗೆ ಯಶಸ್ವಿನಿ ಇದೆ, 2003ರಲ್ಲಿ ಶುರುವಾಗಿ 2018ರಲ್ಲಿ ನಿಂತು, ಮತ್ತೆ 2022-23ರಲ್ಲಿ ಬಂತು. ಎರಡೂ ಒಳ್ಳೇವೇ, ನಮ್ಮ ಜನರ ಪ್ರಾಣ ಉಳಿಸಿವೆ. ಆದ್ರೆ ಅವು ಲೆಕ್ಕ ಹಾಕೋದು ಮಂಚದ ಮೇಲೆ ಮಲಗಿದವನಿಗೆ. ಎದ್ದು ಓಡಾಡೋನು ತಿಂಗಳಾ ಅಂಗಡೀಲಿ ಕೊಳ್ಳೋ ಮಾತ್ರೆಗೆ ಅವುಗಳಲ್ಲಿ ಜಾಗ ಇಲ್ಲ. ಲಕ್ವ ಹೊಡೆದು ಬಿದ್ರೆ ಲಕ್ಷ ಇದೆ, ಬೀಳದ ಹಾಗೆ ನೋಡ್ಕೊಳ್ಳೋ ಮಾತ್ರೆಗೆ ನೂರು ರೂಪಾಯಿ ಇಲ್ಲ. ಕಿಡ್ನಿ ಹೋದ್ರೆ ಡಯಾಲಿಸಿಸ್ ಉಚಿತ, ಕಿಡ್ನಿ ಉಳಿಸೋ ಶುಗರ್ ಮಾತ್ರೆ ನಿನ್ನ ಜೇಬಿಂದ. ತೋಟಕ್ಕೆ ಬೆಂಕಿ ಬಿದ್ದ ಮೇಲೆ ಟ್ಯಾಂಕರ್ ಕಳಿಸ್ತೀವಿ, ಬೇಸಗೇಲಿ ನೀರು ಮಾತ್ರ ಕೇಳಬೇಡ ಅಂದ ಹಾಗಾಯ್ತು.

ಇನ್ನು ನಮ್ಮ ಕಡೆಯ ಮಾತು. ಬೇರೆಯವರನ್ನ ಬೈದು ನಮ್ಮವರನ್ನ ಬಿಟ್ರೆ ನ್ಯಾಯ ಆಗಲ್ಲ. "ಒಂದ್ಸಲ ಶುರು ಮಾಡಿದ್ರೆ ಸಾಯೋವರ್ಗೂ ಬಿಡಂಗಿಲ್ಲ, ಶುರುವೇ ಬೇಡ" ಅನ್ನೋದು ಅರಳೀಕಟ್ಟೆ ಮಾತು. ಅಣ್ಣಾ, ಸಾಯೋವರೆಗೂ ಇರೋದು ಕಾಯಿಲೆ, ಮಾತ್ರೆ ಅದರ ಹಿಂದೆ ನಡೆಯುತ್ತೆ ಅಷ್ಟೇ. ಮಾತ್ರೆ ಶುರು ಮಾಡದಿದ್ರೆ ಬಿಪಿ ವಾಪಸ್ ಹೋಗುತ್ತಾ? ತೆಂಗಿಗೆ ಅಣಬೆ ರೋಗ ಬಂದ್ರೆ ಬೇರಿಗೆ ಔಷಧಿ ಮೂರು ತಿಂಗಳಿಗೊಂದು ಸಲ ಕಟ್ಟಿ ಅಂತಾರೆ. ಒಂದು ಸಲ ಕಟ್ಟಿ, ಸೋರೋದು ನಿಂತಿತು ಅಂತ ಬಿಟ್ಟ ಮರ ಏನಾಯ್ತು ಅನ್ನೋದು ನಮಗೆ ಗೊತ್ತಿರೋದೇ. "ಚೆಕ್ ಮಾಡಿಸಿದೆ, ನಾರ್ಮಲ್ ಬಂತು, ಬಿಟ್ಟೆ" ಅನ್ನೋದೂ ಇದೇ ಲೆಕ್ಕ. ನಾರ್ಮಲ್ ಬಂದದ್ದು ಮಾತ್ರೆ ತಗೊಂಡಿದ್ದಕ್ಕೆ. ಹಾಗೇ, ಸುಸ್ತಾದ್ರೆ ಗ್ಲೂಕೋಸ್ ಹಾಕಿಸ್ಕೊಳ್ಳೋಕೆ ಐನೂರು ಕೊಡೋ ಕೈ ಮಾತ್ರೆಗೆ ನೂರು ಕೊಡೋವಾಗ ಹಿಂದೆ ಸರಿಯೋದೂ ನಿಜ. ಡ್ರಿಪ್ ಕಣ್ಣಿಗೆ ಕಾಣುತ್ತೆ, ಮಾತ್ರೆ ಮಾಡೋ ಕೆಲಸ ಕಾಣಲ್ಲ. ಇದನ್ನ ನಾವು ನಾವೇ ಮಾತಾಡಿ ಸರಿ ಮಾಡ್ಕೋಬೇಕು.

ಹಾಗಾದ್ರೆ ಏನು ಮಾಡೋಣ? ಬರೀ ಬೈದು ಹೋಗೋದು ನನಗೆ ಬೇಡ.

ಡಾಕ್ಟ್ರ ಮುಂದೆ ಕೂತಾಗ ಮೂರು ಪ್ರಶ್ನೆ ಕೇಳಿ. ಒಂದು, ಇದರಲ್ಲಿ ಯಾವತ್ತೂ ಬಿಡಬಾರದ್ದು ಯಾವುದು, ಗುರುತು ಹಾಕಿಕೊಡಿ. ಎರಡು, ಟೆಕ್ನಿಕಲ್ ಹೆಸರು ದೊಡ್ಡಕ್ಷರದಲ್ಲಿ ಬರೀರಿ. ಮೂರು, ನನ್ನ ಹತ್ರ ತಿಂಗಳಿಗೆ ಇಷ್ಟೇ ದುಡ್ಡಿರೋದು, ಅದರೊಳಗೆ ಆಗೋ ಹಾಗೆ ಕೊಡಿ. ಮೂರನೇದು ಕೇಳೋಕೆ ನಮಗೆ ಮರ್ಯಾದೆ ಅಡ್ಡ ಬರುತ್ತೆ. ದಲ್ಲಾಳಿ ಹತ್ರ ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡೋರು ಡಾಕ್ಟ್ರ ಮುಂದೆ ಯಾಕೆ ಮೂಕ ಆಗ್ತೀವಿ? ಅಂಗಡಿಗೆ ಹೋದ ಮೇಲೆ ನೀವಾಗೇ ಅರ್ಧ ಬಿಡೋದಕ್ಕಿಂತ, ಅಲ್ಲೇ ಕೂತು ಅವರಿಂದಲೇ ಕಮ್ಮಿ ಮಾಡಿಸಿ. ಅವರನ್ನ ಕೇಳದೆ ಯಾವ ಮಾತ್ರೇನೂ ಬದಲಾಯಿಸಬೇಡಿ, ನಿಲ್ಲಿಸಬೇಡಿ.

ಸರ್ಕಾರಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. ಬಿಪಿ ಶುಗರ್ ಹತೋಟಿಗೆ ಬಂದವರಿಗೆ ಒಂದೇ ಸಲ ಎರಡು ಮೂರು ತಿಂಗಳ ಮಾತ್ರೆ ಕೊಡಿ. ಮನೆ ಬಾಗಿಲಿಗೆ ಬಂದು ತಪಾಸಣೆ ಮಾಡೋ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯ್ತು. ತಪಾಸಣೆ ಮಾಡಿ ಫೋಟೋ ತೆಗೆದು ಹೋದ್ರೆ ಸಾಲದು, ಮುಂದಿನ ತಿಂಗಳ ಮಾತ್ರೆಯೂ ಅದೇ ಬಾಗಿಲಿಗೆ ಬರಬೇಕು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಆ ಇಳಿಕೆ ನಿಮ್ಮ ಬಿಲ್ಲಿನಲ್ಲಿ ಕಾಣ್ತಿದೆಯಾ ಅಂತ ನೋಡಿ, ಬಿಲ್ ಕೇಳಿ ತಗೊಳ್ಳಿ.

ಕೊನೇದು ನಮ್ಮ ಕೈಯಲ್ಲೇ ಇರೋ ಕೆಲಸ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 2,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಜನೌಷಧಿ ಕೇಂದ್ರ ತೆರೆಯೋಕೆ ಅವಕಾಶ ಕೊಡೋ ತೀರ್ಮಾನ ಮಾಡಿತು. ಅಂದ್ರೆ ನಾವು ಬೆಳೆ ಸಾಲ ತಗೊಳ್ಳೋ, ಯೂರಿಯಾ ತರೋ ಅದೇ ಸೊಸೈಟೀಲಿ ಮಾತ್ರೆಯೂ ಸಿಗಬಹುದು. ಫಾರ್ಮಸಿ ಓದಿದವರೊಬ್ಬರು ಬೇಕು, ಲೈಸೆನ್ಸ್ ಬೇಕು, ಸಣ್ಣ ಕೋಣೆ ಬೇಕು. ಬಿ.ಫಾರ್ಮ, ಡಿ.ಫಾರ್ಮ ಮಾಡಿ ಕೆಲಸಕ್ಕೆ ಅಲೀತಿರೋ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೇ ಇದ್ದಾರೆ. ಡೈರೀಲಿ ಪಶು ಆಹಾರದ ದುಡ್ಡನ್ನ ಬಟವಾಡೇಲಿ ಮುರ್ಕೊಳ್ಳೋ ಪದ್ಧತಿ ಇದೆ. ಹಸುವಿನ ಹಿಂಡಿಗೆ ಆಗೋ ಲೆಕ್ಕ ಮನೆಯವಳ ಶುಗರ್ ಮಾತ್ರೆಗೆ ಯಾಕೆ ಆಗಲ್ಲ? ಹಾಲಿನ ದುಡ್ಡಾದ್ರೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತೆ, ಕೊಬ್ಬರಿ ಹಾಗೆ ವರ್ಷ ಕಾಯಿಸಲ್ಲ. ತಿಂಗಳ ಮಾತ್ರೆಗೆ ಹೊಂದೋ ದುಡ್ಡು ನಮ್ಮ ಮನೇಲಿ ಇದ್ರೆ ಅದು ಹಾಲಿನ ದುಡ್ಡೇ.

ಈ ಸಲದ ಸೊಸೈಟಿ ಮಹಾಸಭೇಲಿ ಲಾಭಾಂಶ, ಊಟದ ವ್ಯವಸ್ಥೆ ಜಗಳ ಮುಗಿದ ಮೇಲೆ ಎದ್ದು ನಿಂತು ಕೇಳಿ: ನಮ್ಮ ಸಂಘ ಜನೌಷಧಿಗೆ ಅರ್ಜಿ ಹಾಕಿದೆಯಾ, ಹಾಕಿಲ್ಲ ಅಂದ್ರೆ ಯಾಕೆ, ಯಾವತ್ತು ಹಾಕ್ತೀರಿ? ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಣಾವರ, ಗಂಡಸಿ, ಜಾವಗಲ್, ಕಣಕಟ್ಟೆ, ಕಸಬಾ, ಯಾವ ಹೋಬಳಿಯವರಾದ್ರೂ ಸರಿ, ಏನು ಉತ್ತರ ಬಂತು ಅಂತ ಇಲ್ಲಿ ಕೆಳಗೆ ಬರೀರಿ. ಮುಂದಿನ ತಿಂಗಳು ಎಲ್ಲಾ ಒಟ್ಟು ಹಾಕಿ ಪಟ್ಟಿ ಮಾಡ್ತೀನಿ.